ರುಫೈದಾರ ಡೇರೆ, ನಮ್ಮ ಮನೆಯ ಅಡುಗೆಕೋಣೆ

ಸಹೋದರರೇ, ನಲ್ವತ್ತೈದು ದಾಟಿದ ನರ್ಸ್ ಸಹೋದರಿಯೊಬ್ಬರು ಕೇಳಿದರು: "ಉಸ್ತಾದ್, ಸೊಂಟ ನೋವು, ರಾತ್ರಿ ಪಾಳಿ. ಕೆಲಸ ಬಿಟ್ಟರೆ ಗುನಾಹ್ ಆಗುತ್ತದೆಯೇ?" ಇಲ್ಲ. ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ.

ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿವರ್ಯರು(ಸ) ಅವರನ್ನು ಮಸೀದಿಯಲ್ಲೇ ಡೇರೆಯಲ್ಲಿರಿಸಿದರು. ಅಲ್ಲಿ ಶುಶ್ರೂಷೆ ಮಾಡಿದವರು ರುಫೈದಾ(ರ). ಅದೇ ಕೆಲಸದವಳನ್ನು ಮದುವೆ ಮಾತುಕತೆಯಲ್ಲಿ ಬೇಡವೆನ್ನುತ್ತೇವೆ, ನಮ್ಮವರ ಹೆರಿಗೆಗೆ ಮಾತ್ರ ಹೆಣ್ಣು ನರ್ಸೇ ಬೇಕು!

ವಿಚಾರಿಸಿದಾಗ ತಿಳಿಯಿತು: ಪಾಳಿ ಮುಗಿಸಿ ಬಂದ ಮೇಲೂ ತಿಂಡಿ, ಬಟ್ಟೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಎಲ್ಲ ಆಕೆಯದೇ. ದಣಿವು ಆಸ್ಪತ್ರೆಯದು ಮಾತ್ರವಲ್ಲ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ.

ಸಹೋದರಿ ಹಗಲು ಪಾಳಿ ಕೇಳಿ ನೋಡಲಿ, ಇಸ್ತಿಖಾರ ನಮಾಝ್ ಮಾಡಲಿ. ಅದಕ್ಕೂ ಮುನ್ನ ನಾವು ಗಂಡಸರು ಇಂದಿನ ಊಟದ ಪಾತ್ರೆ ತೊಳೆಯೋಣ.