ಕೆಲಸ ಸಿಕ್ಕ ಮೇಲಿನ ಮೊದಲ ವರ್ಷ

ಬಡ ಮನೆಗಳ ಹುಡುಗ ಹುಡುಗಿಯರಿಗೆ ಕೆಲಸ ಕೊಡಿಸುವ ಮಾತು ಬಂದಾಗಲೆಲ್ಲ ನಮ್ಮ ಗಮನ ಹೋಗುವುದು ತರಬೇತಿ ಕೇಂದ್ರ ಮತ್ತು ಉದ್ಯೋಗ ಮೇಳಗಳ ಕಡೆಗೆ. ಬಯೋಡೇಟಾ ಬರೆಯುವುದನ್ನು ಕಲಿಸುತ್ತೇವೆ, ಇಂಟರ್‌ವ್ಯೂಗೆ ಸಿದ್ಧಗೊಳಿಸುತ್ತೇವೆ, ಪ್ರಮಾಣಪತ್ರ ಕೊಡುತ್ತೇವೆ. ಆಫರ್ ಲೆಟರ್ ಕೈಗೆ ಬಂದ ದಿನ ಫೋಟೊ ತೆಗೆಸಿ, ನಮ್ಮ ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ಇವೆಲ್ಲ ಬೇಕು, ಇವನ್ನು ಮಾಡುತ್ತಿರುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಊರು ಬಿಟ್ಟು, ಆಸರೆಯಿಲ್ಲದೆ ಕೆಲಸಕ್ಕೆ ಸೇರುವವರಿಗೆ ನಿಜವಾದ ಕಷ್ಟ ಶುರುವಾಗುವುದೇ ಆ ದಿನದಿಂದ. ನೆರವು ಕೆಲಸ ಸಿಗುವ ತನಕ ಮಾತ್ರ ಇದ್ದರೆ ಸಾಲದು, ಕೆಲಸ ಸಿಕ್ಕ ಮೇಲೂ ಒಂದು ವರ್ಷವಾದರೂ ಇರಬೇಕು. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಇದು ಹೊಸ ಯೋಚನೆಯೇನಲ್ಲ, ನಮ್ಮ ನಾಡಿನಲ್ಲೇ ನಾಲ್ಕು ದಶಕ ನಡೆದು ತೋರಿಸಿದ ದಾರಿ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ಹಳ್ಳಿಯ ನಿರುದ್ಯೋಗಿಗಳಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯಂಥ ಸ್ವಂತ ಉದ್ಯೋಗಗಳಿಗೆ ಕೆಲವೇ ವಾರಗಳ ಪಾಠ. ಹಾಗಾದರೆ ಇದರ ಬಲ ಎಲ್ಲಿದೆ? ತರಬೇತಿಯ ಅವಧಿ ಕೆಲವು ವಾರವಾದರೆ, ಅನುಸರಣೆಯ ಅವಧಿ ಎರಡು ವರ್ಷ. ಕಲಿತು ಹೋದವರು ಅಂಗಡಿ ಇಟ್ಟರೇ, ಬ್ಯಾಂಕಿನ ಸಾಲ ಸಿಕ್ಕಿತೇ, ಎಲ್ಲಿ ತೊಡಕಾಯಿತು ಎಂದು ಸಂಸ್ಥೆ ವಿಚಾರಿಸುತ್ತಲೇ ಇರುತ್ತದೆ. ಸಾಲ ಕೊಡಬೇಕಾದ ಬ್ಯಾಂಕುಗಳೇ ಸಂಸ್ಥೆಯನ್ನು ಕಟ್ಟುವುದರಲ್ಲಿ ಪಾಲುಗೊಂಡಿರುವುದೂ ಸಣ್ಣ ಸಂಗತಿಯಲ್ಲ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನು ಮೆಚ್ಚಿ, ಜಿಲ್ಲೆಗೊಂದು ಇಂಥ ಸಂಸ್ಥೆ ಇರಲಿ ಎಂದು 2009ರಲ್ಲಿ ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು.

ಸಂಬಳದ ಕೆಲಸಕ್ಕೆ ಸೇರುವವರ ವಿಷಯದಲ್ಲಿ ಈ ಎಚ್ಚರ ನಮಗೆ ಅಷ್ಟಾಗಿ ಇಲ್ಲ. ಯಾದಗಿರಿಯ ಹಳ್ಳಿಯೊಂದರಿಂದ ಪೀಣ್ಯದ ಕಾರ್ಖಾನೆಗೆ ಬರುವ ಹುಡುಗನ ಮೊದಲ ತಿಂಗಳನ್ನು ಲೆಕ್ಕ ಹಾಕಿ ನೋಡಿ. ರೂಮಿಗೆ ಅಡ್ವಾನ್ಸ್ ಕೊಡಬೇಕು, ಮೂರು ಹೊತ್ತು ಊಟ ಮಾಡಬೇಕು, ಬಸ್ಸಿನ ಖರ್ಚಿದೆ. ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಮನೆಯಲ್ಲಿ ಹಣವಿಲ್ಲದವನು ಬಡ್ಡಿಗೆ ಸಾಲ ತಂದು ಕೆಲಸಕ್ಕೆ ಸೇರಬೇಕಾಗುತ್ತದೆ. ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಎರಡು ವರ್ಷದ ತನಕ ಅಥವಾ ಕೆಲಸ ಸಿಗುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ. ಎಂದರೆ ಖರ್ಚು ಏರುವ ಹೊತ್ತಿಗೆ ಸರಿಯಾಗಿ ಭತ್ಯೆ ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಮೂರು ತಿಂಗಳು ಅದನ್ನು ಮುಂದುವರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕೆ ಪೂರ್ವನಿದರ್ಶನವೂ ಉಂಟು. 2014ರಲ್ಲಿ ಶುರುವಾದ ದೀನ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಮಾರ್ಗಸೂಚಿಯಲ್ಲಿ, ಕೆಲಸಕ್ಕೆ ಸೇರಿದವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ನಿಯಮವಿತ್ತು. ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು, ಹೊರರಾಜ್ಯಕ್ಕೆ ಹೋದರೆ ಆರು. ದೂರ ಹೋದಷ್ಟೂ ಆಸರೆ ಹೆಚ್ಚು ದಿನ ಬೇಕೆಂಬ ತಿಳಿವಳಿಕೆ ಆ ನಿಯಮದಲ್ಲಿದೆ. ಮೊತ್ತ ಮಾತ್ರ ಬೆಂಗಳೂರಿನ ಬಾಡಿಗೆಯ ಮುಂದೆ ಏನೇನೂ ಅಲ್ಲ.

ಹಣದಿಂದ ಮಾತ್ರ ಎಲ್ಲವೂ ಸರಿಹೋಗುವುದಿಲ್ಲ. ಅಂಗವಿಕಲರ ಉದ್ಯೋಗದ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಅವರಿಗೆ ಶೇಕಡಾ 4ರಷ್ಟು ಮೀಸಲಾತಿ ಕೊಟ್ಟಿದೆ. ಖಾಸಗಿ ಕಂಪನಿಗಳಿಗೆ ಆ ಕಡ್ಡಾಯವಿಲ್ಲ, ಅಲ್ಲಿ ಮನವೊಲಿಕೆಯೇ ದಾರಿ. 1999ರಲ್ಲಿ ಬೆಂಗಳೂರಿನಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಆರಂಭಿಸಿದ ಎನೇಬಲ್ ಇಂಡಿಯಾ ಸಂಸ್ಥೆ ಅಭ್ಯರ್ಥಿಯನ್ನು ತಯಾರು ಮಾಡುವಷ್ಟೇ ಶ್ರದ್ಧೆಯಿಂದ ಕೆಲಸದ ಜಾಗವನ್ನೂ ತಯಾರು ಮಾಡಲು ಹೊರಟಿತು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಬೇಕು, ಜೊತೆಗೆ ಪಕ್ಕದ ಮೇಜಿನವರಿಗೆ ಅವರೊಂದಿಗೆ ಹೇಗೆ ಕೆಲಸ ಮಾಡಬೇಕೆಂಬುದು ತಿಳಿದಿರಬೇಕು. ಅಂಗವಿಕಲರಲ್ಲದ ಬಡವರಿಗೂ ಈ ಮಾತು ಸಲ್ಲುತ್ತದೆ. ಸಂಬಳದ ಚೀಟಿಯಲ್ಲಿ ಪಿಎಫ್ ಎಂದು ಕಡಿದದ್ದು ಏನೆಂದು ಯಾರನ್ನು ಕೇಳಬೇಕು, ಅಮ್ಮನಿಗೆ ಹುಷಾರಿಲ್ಲವೆಂದು ರಜೆ ಹೇಗೆ ಕೇಳಬೇಕು ಎಂಬುದು ಗೊತ್ತಿಲ್ಲದೆ ಊರಿಗೆ ಹೋದವನು ಅಳುಕಿನಿಂದ ತಿರುಗಿ ಬರುವುದೇ ಇಲ್ಲ.

ಹೀಗೆ ಕೈಹಿಡಿದು ನಡೆಸಿದರೆ ಅವರು ಸ್ವಂತ ಕಾಲ ಮೇಲೆ ನಿಲ್ಲುವುದು ಯಾವಾಗ ಎಂದು ಕೇಳುವವರಿದ್ದಾರೆ. ಅನುಕೂಲಸ್ಥ ಮನೆಯ ಮಗ ಬೆಂಗಳೂರಿಗೆ ಬಂದಾಗ ಏನಾಗುತ್ತದೆ ನೋಡಿ. ಮೊದಲ ತಿಂಗಳು ಚಿಕ್ಕಪ್ಪನ ಮನೆಯಲ್ಲಿ ಇರುತ್ತಾನೆ, ಅಡ್ವಾನ್ಸ್ ಅಪ್ಪ ಕಟ್ಟುತ್ತಾರೆ, ಕಂಪನಿಯಲ್ಲಿರುವ ಪರಿಚಿತರೊಬ್ಬರು ಎರಡು ಮಾತು ತಿಳಿಸಿಕೊಡುತ್ತಾರೆ. ಅದನ್ನು ಯಾರೂ ಪರಾವಲಂಬನೆ ಎನ್ನುವುದಿಲ್ಲ. ಅಪ್ಪ, ಚಿಕ್ಕಪ್ಪ ಮಾಡಲಾಗದ್ದನ್ನು ಒಂದು ಸಂಸ್ಥೆ ಮಾಡಿದರೆ ಮಾತ್ರ ಆ ಹೆಸರು ಯಾಕೆ? ಖರ್ಚಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬರ ಹಿಂದೆ ವರ್ಷವಿಡೀ ಓಡಾಡುವ ಹಣದಲ್ಲಿ ಇನ್ನಿಬ್ಬರಿಗೆ ತರಬೇತಿ ಕೊಡಬಹುದಲ್ಲ ಎಂಬುದು. ಕೊಡಬಹುದು ನಿಜ, ಪ್ರಮಾಣಪತ್ರಗಳ ಸಂಖ್ಯೆಯೂ ಏರುತ್ತದೆ. ಆದರೆ ಮೂರು ತಿಂಗಳಲ್ಲಿ ಊರಿಗೆ ಮರಳುವವರಿಗಾಗಿ ಮಾಡಿದ ಖರ್ಚನ್ನು ಉಳಿತಾಯವೆನ್ನಲು ಬರುವುದಿಲ್ಲ. ಕೆಲಸಗಳೇ ಇಲ್ಲದಿರುವಾಗ ಇದೆಲ್ಲ ಯಾತಕ್ಕೆ ಎಂಬ ಮೂರನೆಯ ಮಾತಿದೆ, ಅದರಲ್ಲಿ ಬಹುಪಾಲು ಸತ್ಯವಿದೆ. ತರಬೇತಿಯಿಂದ ಉದ್ಯೋಗ ಹುಟ್ಟುವುದಿಲ್ಲ, ಅದು ಆರ್ಥಿಕ ನೀತಿಯ ಹೊಣೆ. ಇರುವ ಕೆಲಸಗಳಲ್ಲೂ ಕೆಲವು ಉಳಿಸಿಕೊಳ್ಳಲು ಯೋಗ್ಯವಲ್ಲ. ಸಂಬಳ ತಡಮಾಡುವ ಗುತ್ತಿಗೆದಾರನನ್ನು ಬಿಟ್ಟುಬಂದವಳು ಸರಿಯಾದ ತೀರ್ಮಾನವನ್ನೇ ಮಾಡಿದ್ದಾಳೆ. ಅವಳೊಂದಿಗೆ ಸಂಪರ್ಕ ಉಳಿಸಿಕೊಂಡ ಸಂಸ್ಥೆಗೆ ಮಾತ್ರ ಆ ಗುತ್ತಿಗೆದಾರನ ಬಳಿ ಇನ್ನೊಬ್ಬಳನ್ನು ಕಳಿಸಬಾರದೆಂದು ಗೊತ್ತಾಗುತ್ತದೆ.

ಈ ಸಭೆಯಲ್ಲಿ ತರಬೇತಿ ಸಂಸ್ಥೆಗಳಿಗೆ ದಾನ ಕೊಡುವವರು, ಅವುಗಳ ಸಮಿತಿಗಳಲ್ಲಿ ಇರುವವರು, ಕಾರ್ಖಾನೆ, ಅಂಗಡಿ ನಡೆಸುವವರು ಇದ್ದೀರಿ. ಮುಂದಿನ ವಾರ್ಷಿಕ ವರದಿ ಕೈಗೆ ಬಂದಾಗ ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಹೋದ ವರ್ಷ ಕೆಲಸಕ್ಕೆ ಸೇರಿದವರಲ್ಲಿ ಇಂದೂ ದುಡಿಯುತ್ತಿರುವವರು ಎಷ್ಟು, ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿ. ಉತ್ತರ ಸಿಗದಿದ್ದರೆ, ಅದನ್ನು ತಿಳಿದುಕೊಳ್ಳಲು ಒಬ್ಬರನ್ನು ನೇಮಿಸುವ ಖರ್ಚನ್ನು ನೀವೇ ಕೊಡಿ.