ಅಧಿಕಾರ ತೆರವಾದಾಗ: ಮಲೆನಾಡಿನ ಎರಡೂವರೆ ಶತಮಾನಗಳ ಪಾಠ

(ಉಪನ್ಯಾಸದ ಬರಹ ರೂಪ)



ಕಾಡಿನಲ್ಲಿ ಒಂದು ಹೆಮ್ಮರ ಉರುಳಿದರೆ ಆ ಜಾಗ ಬಹುಕಾಲ ಬರಿದಾಗಿ ಉಳಿಯುವುದಿಲ್ಲ. ಅದರ ನೆರಳಿನಲ್ಲಿ ವರ್ಷಗಟ್ಟಲೆ ಕುಗ್ಗಿ ನಿಂತಿದ್ದ ಧೂಪದ, ರಾಮಪತ್ರೆಯ ಸಸಿಗಳಿದ್ದರೆ ಬೆಳಕು ಬಿದ್ದೊಡನೆ ಅವು ಮೇಲೇಳುತ್ತವೆ. ನೆಲವನ್ನು ಮೊದಲೇ ಸವರಿ, ಸುಟ್ಟು, ಸಸಿಯೇ ಇಲ್ಲದಂತೆ ಮಾಡಿದ್ದರೆ ಲಂಟಾನ, ಯುಪಟೋರಿಯಂಗಳು ನುಗ್ಗುತ್ತವೆ. ಎರಡು ಕಡೆಯೂ ಮರ ಬಿದ್ದ ಬಗೆ ಒಂದೇ. ಅನಂತರ ಬಂದದ್ದು ಮಾತ್ರ ಬೇರೆ. ಕಾಡಿನ ನಿಯಮ ಮನುಷ್ಯರ ರಾಜಕೀಯಕ್ಕೆ ಹಾಗೆಯೇ ಅನ್ವಯಿಸದು. ಆದರೆ ಅಧಿಕಾರದ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಇದೇ ಆಗಿದೆ: ಬಿದ್ದದ್ದು ಯಾರು ಎಂಬುದಕ್ಕಿಂತ, ಬೀಳುವ ಮೊದಲು ಅಡಿಯಲ್ಲಿ ಏನು ಬೆಳೆದಿತ್ತು?

ಆಳುವವನಿಲ್ಲದ ಸ್ಥಿತಿಯನ್ನು ಭಾರತೀಯ ಚಿಂತಕರು ಮತ್ಸ್ಯನ್ಯಾಯವೆಂದು ಕರೆದರು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ನ್ಯಾಯ ಅದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ಮಾತು ಬರುತ್ತದೆ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಸೇರಿದ ಈ ಮಲೆನಾಡಿನ ಇತಿಹಾಸವನ್ನು ನೋಡಿದರೆ ಅಧಿಕಾರದ ಶೂನ್ಯ ಒಂದೇ ದಾರಿಯಲ್ಲಿ ಹುಟ್ಟುವುದಿಲ್ಲವೆಂಬುದು ತಿಳಿಯುತ್ತದೆ. ವಾರಸುದಾರಿಕೆಯ ಜಗಳದಿಂದ ಅದು ಹುಟ್ಟಬಹುದು. ಚದುರಿದ ಸೈನ್ಯದಿಂದ ಹುಟ್ಟಬಹುದು. ಸಿಂಹಾಸನದ ಮೇಲೆ ಅರಸ ಕುಳಿತಿರುವಾಗಲೇ, ಪ್ರಜೆಯ ಅಹವಾಲಿಗೆ ಉತ್ತರ ಕೊಡುವವರು ಇಲ್ಲವಾದಾಗಲೂ ಹುಟ್ಟಬಹುದು. ಈ ಮೂರನೆಯ ಬಗೆಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯ ಬಗೆಗೆ ಉದಾಹರಣೆ ಕೆಳದಿಯ ರಾಜ್ಯ. 1565ರ ಯುದ್ಧದಲ್ಲಿ ವಿಜಯನಗರ ಕುಸಿದಾಗ ಅದರ ಸಾಮಂತರಾಗಿದ್ದ ಕೆಳದಿಯ ನಾಯಕರು ಕ್ರಮೇಣ ಸ್ವತಂತ್ರರಾದರು. ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಾಯಿತು. ಹದಿನೇಳನೆಯ ಶತಮಾನದ ನಡುವೆ ಆಳಿದ ಶಿವಪ್ಪನಾಯಕನು ನೆಲದ ಗುಣವನ್ನೂ, ಬೀಜ ಮತ್ತು ಬೇಸಾಯದ ಖರ್ಚನ್ನೂ, ಇಳುವರಿಯನ್ನೂ ಅಳೆದು ಕಂದಾಯವನ್ನು ನಿಗದಿಪಡಿಸಿದನು. ಹುಟ್ಟುವಳಿಯ ಮೂರನೆಯ ಒಂದು ಪಾಲು ಸರ್ಕಾರಕ್ಕೆ ಎಂಬುದು ಅದರ ತಿರುಳು. ಇದೇ ‘ಶಿವಪ್ಪನಾಯಕನ ಶಿಸ್ತು’. ಈ ಶಿಸ್ತಿನ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ.

ಒಂದು ಶತಮಾನ ಕಳೆದ ಮೇಲೆ ಅದೇ ಬಿದನೂರಿನಲ್ಲಿ ರಾಣಿ ವೀರಮ್ಮಾಜಿಯ ಆಳ್ವಿಕೆ, ಉತ್ತರಾಧಿಕಾರದ ವಿವಾದ. ತಾನೇ ನಿಜವಾದ ವಾರಸುದಾರನೆಂದು ಹೇಳಿಕೊಂಡವನೊಬ್ಬ ಹೈದರಾಲಿಯ ಮೊರೆಹೊಕ್ಕನು. ಅವನಿಗೆ ನ್ಯಾಯ ದೊರಕಿಸುವ ನೆಪದಲ್ಲಿ ಬಂದ ಹೈದರ್ 1763ರಲ್ಲಿ ಬಿದನೂರನ್ನು ತನ್ನದಾಗಿಸಿಕೊಂಡನು. ಬಿದನೂರು ಹೈದರ್‌ನಗರವಾಯಿತು, ಮುಂದೆ ಬರಿಯ ನಗರವಾಯಿತು. ಮನೆಯೊಳಗಿನ ಜಗಳಕ್ಕೆ ಹೊರಗಿನ ಪಂಚಾಯಿತಿದಾರನನ್ನು ಕರೆದರೆ ಮನೆಯೇ ಅವನ ಪಾಲಾಗುವುದುಂಟು.

ರಾಜ್ಯವೊಂದು ಉಳಿದಿರುವಾಗಲೂ ಅದರ ಕಾವಲು ಕೆಲವು ದಿನ ಬೇರೆಡೆಗೆ ಹೋದರೆ ಏನಾಗುತ್ತದೆ ಎಂಬುದನ್ನು ಶೃಂಗೇರಿ 1791ರಲ್ಲಿ ಕಂಡಿತು. ಮೂರನೆಯ ಮೈಸೂರು ಯುದ್ಧದ ಆ ಕಾಲದಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯದೊಂದಿಗಿದ್ದ ಸವಾರರು ಶೃಂಗೇರಿಯ ಮಠವನ್ನು ಲೂಟಿ ಮಾಡಿದರು. ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ನೆರವು ನೀಡುವಂತೆ ನಗರದ ಅಧಿಕಾರಿಗೆ ಆಜ್ಞಾಪಿಸಿದನು. ಈ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಲೂಟಿ ಮಾಡಿದವರ ಮತ, ನೆರವು ಕೊಟ್ಟವನ ಮತ ಯಾವುದೆಂದು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಕಾವಲಿಲ್ಲದ ಗಡಿಯಲ್ಲಿ ಲೂಟಿಗೆ ಮತವಿರುವುದಿಲ್ಲ.

1799ರ ಮೇ 4ರಂದು ಟಿಪ್ಪು ಮಡಿದನು. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಆ ಗೊಂದಲದಲ್ಲಿ ಬಿಡುಗಡೆಯಾಗಿ ಹೊರಬಂದನು. ಕೆಲಸ ಕಳೆದುಕೊಂಡ ಸೈನಿಕರು ಅವನ ಸುತ್ತ ಸೇರಿದರು. ಅವನು ನಗರದ ಸೀಮೆಯನ್ನು ಆಕ್ರಮಿಸಿ, ತನ್ನನ್ನು ಉಭಯ ಲೋಕಗಳ ಒಡೆಯನೆಂದು ಕರೆದುಕೊಂಡನು. 1800ರ ಸೆಪ್ಟೆಂಬರಿನಲ್ಲಿ ಅವನನ್ನು ಕೊಲ್ಲುವವರೆಗೆ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಬೆನ್ನಟ್ಟಬೇಕಾಯಿತು. ಇದು ಶೂನ್ಯ ಹುಟ್ಟುವ ಎರಡನೆಯ ಬಗೆ. ಇನ್ನೂರು ವರ್ಷಗಳ ಬಳಿಕ, 2003ರ ಮೇ ತಿಂಗಳಲ್ಲಿ ಇರಾಕಿನ ಸೈನ್ಯವನ್ನು ಅಮೆರಿಕದ ಆಡಳಿತ ವಿಸರ್ಜಿಸಿದಾಗಲೂ ಹೀಗೆಯೇ ಆಯಿತು. ಬಂದೂಕು ಹಿಡಿಯಲು ಮಾತ್ರ ಬಲ್ಲ, ಸಂಬಳವಿಲ್ಲದ ಲಕ್ಷಾಂತರ ಜನ ಬೀದಿಗೆ ಬಿದ್ದರು. ಅವರಲ್ಲಿ ಅನೇಕರು ಸಶಸ್ತ್ರ ಗುಂಪುಗಳ ಪಾಲಾದರು. ಅರಸನನ್ನು ಸೋಲಿಸುವುದಕ್ಕಿಂತ ಅವನ ಅನ್ನ ಉಂಡವರಿಗೆ ಮುಂದಿನ ಅನ್ನದ ದಾರಿ ತೋರಿಸುವುದು ಕಠಿಣ.

ಮೂರನೆಯ ಬಗೆಯ ಶೂನ್ಯಕ್ಕೆ 1830ರ ನಗರದ ದಂಗೆಗಿಂತ ಉತ್ತಮ ಉದಾಹರಣೆ ಕರ್ನಾಟಕದಲ್ಲಿ ದೊರಕುವುದು ಕಷ್ಟ. ಆಗ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿದ್ದರು, ಅಮಲ್ದಾರರಿದ್ದರು, ಫೌಜುದಾರರಿದ್ದರು. ಇಲ್ಲದಿದ್ದುದು ಅಹವಾಲು ಕೇಳುವ ಕಿವಿ. ಶರ್ತು ಪದ್ಧತಿಯಲ್ಲಿ ಅಮಲ್ದಾರನು ಇಂತಿಷ್ಟು ಕಂದಾಯವನ್ನು ತಂದುಕೊಡುತ್ತೇನೆಂದು ಒಪ್ಪಿಕೊಳ್ಳುತ್ತಿದ್ದನು. ಕಡಿಮೆಯಾದರೆ ಕೈಯಿಂದ ತುಂಬಬೇಕು. ಮಳೆ ಹೋದರೂ, ರೋಗ ಬಂದರೂ ರೈತನಿಂದ ಹಿಂಡಿ ತೆಗೆಯುವುದೊಂದೇ ಅವನಿಗೆ ಉಳಿದ ದಾರಿ. ದೂರು ಕೊಡಬೇಕಾದುದು ಹಿಂಡಿದವನಿಗೇ. ರೈತರು ಕೂಟ ಸೇರಿದರು. ಮೊದಲು ಅದು ಶಸ್ತ್ರದ ಕೂಟವಲ್ಲ, ಅಹವಾಲಿನ ಕೂಟ.

ಉತ್ತರ ಬಾರದಾಗ ಆ ಕೂಟದ ತಲೆಯ ಮೇಲೆ ಬಂದು ಕುಳಿತವನು ಬೂದಿ ಬಸವಪ್ಪ. ತಾನು ನಗರದ ಅರಸರ ವಾರಸುದಾರನೆಂದು ಅವನು ಸಾರಿದನು. ತರೀಕೆರೆಯ ಪಾಳೆಯಗಾರರೂ ಕಳೆದುಹೋದ ಸಂಸ್ಥಾನದ ಆಸೆಯಿಂದ ಕೈಗೂಡಿಸಿದರು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ, ರೈತರು ಕಟ್ಟಿದ ಕೂಟದಲ್ಲಿ ಗದ್ದುಗೆಯ ಆಕಾಂಕ್ಷಿಗಳು ಸೇರಿಕೊಂಡರು. ಗಮನಿಸಬೇಕಾದ ಸಂಗತಿ ಒಂದಿದೆ. ಬಸವಪ್ಪನ ಕಡೆಯಿಂದ ಜನರಿಗೆ ಸಿಕ್ಕ ಭರವಸೆ ಎರಡು: ಬಾಕಿಯೆಲ್ಲ ಮನ್ನಾ, ಮತ್ತು ಕಂದಾಯ ಶಿವಪ್ಪನಾಯಕನ ಶಿಸ್ತಿನಷ್ಟೇ. ಶಿವಪ್ಪನಾಯಕ ತೀರಿ 170 ವರ್ಷಗಳಾಗಿದ್ದವು. ಅವನ ವಂಶದ ಆಳ್ವಿಕೆ, ಸೈನ್ಯ ಯಾವುದೂ ಉಳಿದಿರಲಿಲ್ಲ. ಅಳತೆಯೊಂದು ಉಳಿದಿತ್ತು. ಶೂನ್ಯದಲ್ಲಿ ನಿಂತ ಜನ ಕೈಚಾಚುವುದು ಇಂಥ ನಂಬಿಗಸ್ತ ಅಳತೆಗೇ ಹೊರತು ಕಿರೀಟಕ್ಕಲ್ಲ. ಕಿರೀಟದ ಆಸೆಯುಳ್ಳವನು ಆ ಅಳತೆಯನ್ನು ಎರವಲು ಪಡೆಯುತ್ತಾನೆ, ಅಷ್ಟೇ.

ಫಲಿತಾಂಶ ಎಲ್ಲರಿಗೂ ತಿಳಿದಿದೆ. 1831ರಲ್ಲಿ ಬ್ರಿಟಿಷ್ ಸೈನ್ಯ ನಗರವನ್ನು ಹಿಡಿಯಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ವಹಿಸಿಕೊಂಡನು. ಅದು ಒಡೆಯರ ವಂಶಕ್ಕೆ ಮರಳಿದ್ದು 1881ರಲ್ಲಿ. ಕೂಟ ಕಟ್ಟಿದ ರೈತನಿಗೂ ರಾಜ್ಯ ಸಿಗಲಿಲ್ಲ, ಹಕ್ಕು ಸಾರಿದ ಬಸವಪ್ಪನಿಗೂ ಸಿಗಲಿಲ್ಲ. ಹೆಚ್ಚು ಸಂಘಟಿತನಾಗಿದ್ದ ಮೂರನೆಯವನಿಗೆ ಸಿಕ್ಕಿತು.

ಇಪ್ಪತ್ತನೆಯ ಶತಮಾನದಲ್ಲಿ ಇಲ್ಲಿ ತೆರವಾದ ದೊಡ್ಡ ಅಧಿಕಾರ ಭೂಮಾಲೀಕನದು. 1951ರ ಕಾಗೋಡು ಸತ್ಯಾಗ್ರಹದ ಕೂಗಿಗೆ 1974ರ ಭೂಸುಧಾರಣೆ ಉತ್ತರ ಕೊಟ್ಟಿತು, ಗೇಣಿದಾರ ಒಡೆಯನಾದನು. ಇದು ನ್ಯಾಯವಾದ ತೆರವು. ಆದರೆ ಗೇಣಿ ವಸೂಲು ಮಾಡುತ್ತಿದ್ದ ಒಡೆಯನೇ ಸಾಲ ಕೊಡುವವನೂ, ಅಡಿಕೆ ಮಾರುವವನೂ, ಸೊಪ್ಪಿನಬೆಟ್ಟಕ್ಕೆ ಕಟ್ಟಳೆ ಹೇಳುವವನೂ ಆಗಿದ್ದನು. ಅವನು ಹೋದ ಮೇಲೆ ಈ ಕೆಲಸಗಳನ್ನು ಯಾರು ಮಾಡಬೇಕು? ಅಡಿಕೆಯ ಮಾರಾಟಕ್ಕೆ ಉತ್ತರ ಸಿದ್ಧವಿತ್ತು: ಶಿವಮೊಗ್ಗದಲ್ಲಿ 1939ರಲ್ಲಿಯೇ ಹುಟ್ಟಿದ್ದ ಮ್ಯಾಮ್ಕೋಸ್ ಮತ್ತು ಊರೂರಿನ ಸಹಕಾರ ಸಂಘಗಳು. ನೆರಳಿನಲ್ಲಿ ಬೆಳೆದಿದ್ದ ಸಸಿಗಳು ಅವು. ಕಾನು, ಗೋಮಾಳ, ಸೊಪ್ಪಿನಬೆಟ್ಟಗಳಿಗೆ ಅಂಥ ಸಸಿ ಇರಲಿಲ್ಲ. ಅವು ಹೆಸರಿಗೆ ಸರ್ಕಾರದವು, ಬಳಕೆಗೆ ಎಲ್ಲರವು, ಕಾವಲಿಗೆ ಯಾರವೂ ಅಲ್ಲ ಎಂಬಂತಾದವು. ಹಾರೆ, ಹಣ, ಪ್ರಭಾವ ಇದ್ದವರ ಬೇಲಿ ಮುಂದೆ ಸರಿಯಿತು. ಫಾರಂ 50, 53, 57ರ ಸಾಲಿನಲ್ಲಿ ನಿಜವಾದ ಭೂಹೀನರೂ, ಬೇಲಿ ಸರಿಸಿದವರೂ ಒಟ್ಟಿಗೆ ನಿಂತರು. ಒಂದೇ ಊರಿನಲ್ಲಿ, ಒಂದೇ ತೆರವಿನ ನಂತರ, ಎರಡು ಫಲ.

ಕಾಡಂಚಿನ ಕಥೆ ಇದಕ್ಕಿಂತ ನೋವಿನದು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಬಿತ್ತು. 2001ರಲ್ಲಿ ಅಂತಿಮ ಅಧಿಸೂಚನೆ. ಸುಮಾರು 600 ಚದರ ಕಿಲೋಮೀಟರಿನ ಆ ವ್ಯಾಪ್ತಿಯೊಳಗೆ ತಲೆಮಾರುಗಳಿಂದ ಬಾಳಿದ ಕುಟುಂಬಗಳಿಗೆ ಸರ್ಕಾರ ಕಂಡದ್ದು ಹೆಚ್ಚಾಗಿ ಕಾವಲುಗಾರನ ರೂಪದಲ್ಲಿ. ಶಾಲೆ, ರಸ್ತೆ, ಆಸ್ಪತ್ರೆಯ ರೂಪದಲ್ಲಿ ಕಂಡದ್ದು ಕಡಿಮೆ. ಅದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ನಿಂತದ್ದು 2005ರ ಕೊನೆಯಲ್ಲಿ. ಅಲ್ಲಿಯವರೆಗೆ, ಸೌದೆ ತಂದವನನ್ನು ತಡೆಯುವ ಕಾನೂನು ಗುಡ್ಡವನ್ನೇ ಅಗೆಯುವವನನ್ನು ಏಕೆ ತಡೆಯದು ಎಂದು ಕೇಳಿದವರಿಗೆ ಸಮಾಧಾನದ ಉತ್ತರ ಸಿಗಲಿಲ್ಲ.

ಆ ತೆರವಿಗೆ ಬಂದೂಕು ಬಂದಿತು. 2005ರ ಫೆಬ್ರವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಜನರ ಇತಿಹಾಸವನ್ನು ಬರೆದವರು ಅವರೇ. ನಗರದ ರೈತರ ದಂಗೆಯೂ ಆ ಬರವಣಿಗೆಯ ವಸ್ತುವಾಗಿತ್ತು. 2007ರ ಜುಲೈಯಲ್ಲಿ ಅದೇ ಮೆಣಸಿನಹಾಡ್ಯದಲ್ಲಿ ಐವರು ಸತ್ತರು. ಮಾಹಿತಿದಾರರೆಂಬ ಶಂಕೆಯಿಂದ ನಕ್ಸಲರು ಹಳ್ಳಿಗರನ್ನು ಕೊಂದರು. ಆಶ್ರಯ ಕೊಟ್ಟರೆಂಬ ಶಂಕೆಯಿಂದ ಹಳ್ಳಿಗರು ಠಾಣೆ, ನ್ಯಾಯಾಲಯಗಳಿಗೆ ಅಲೆದರು. ಯಾರ ಹಕ್ಕಿನ ಹೆಸರಿನಲ್ಲಿ ಹೋರಾಟ ನಡೆಯಿತೋ ಅವರ ಮನೆಯ ಬಾಗಿಲು ಸಂಜೆಯಾಗುತ್ತಲೇ ಮುಚ್ಚಿತು. 2024ರ ನವೆಂಬರಿನಲ್ಲಿ ಹೆಬ್ರಿ ತಾಲ್ಲೂಕಿನ ಕಾಡಿನಲ್ಲಿ ವಿಕ್ರಂ ಗೌಡ ಹತರಾದರು. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿಯ ಆರಂಭದಲ್ಲಿ ಉಳಿದವರೂ ಹೊರಬಂದರು.

ಹೀಗೆ ಬಂದೂಕು ಹೋಯಿತು. ಅದು ಒಳ್ಳೆಯ ಸುದ್ದಿ. ಆದರೆ ಬಂದೂಕನ್ನು ಕರೆತಂದ ತೆರವು ತುಂಬಿತೆ? ಬಂದೂಕಿಗೆ ಹೆದರಿ ಹಳ್ಳಿಗೆ ಬಂದ ಅಧಿಕಾರಿ, ಬಂದೂಕು ಹೋದ ಮೇಲೂ ಬರುವನೆ? ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಜಾಗಕ್ಕೆ ಮುಂದೆ ನುಗ್ಗುವುದು ಬಂದೂಕೇ ಆಗಬೇಕೆಂದಿಲ್ಲ. ರೆಸಾರ್ಟಿನ ಹಣ, ಭೂ ದಲ್ಲಾಳಿ, ಮರಗಳ್ಳ, ಜಾತಿ ಮತದ ಹೆಸರಿನಲ್ಲಿ ಗುಂಪು ಕಟ್ಟುವವ, ಯಾರಾದರೂ ಆಗಬಹುದು.

ಶಸ್ತ್ರವಿಲ್ಲದ ಶೂನ್ಯವೊಂದು ಕಣ್ಣೆದುರಿಗೇ ಬೆಳೆದುದನ್ನೂ ಹೇಳಬೇಕು. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿಯ ವಿವಾದದಲ್ಲಿ ವರ್ಷಗಳೇ ಉರುಳಿದವು. ಆಡಳಿತಾಧಿಕಾರಿಗಳು ಜನಪ್ರತಿನಿಧಿಗಳ ಸ್ಥಾನದಲ್ಲಿ ಕುಳಿತರು. ದಂಗೆಯಾಗಲಿಲ್ಲ, ಗುಂಡು ಹಾರಲಿಲ್ಲ. ಆದರೆ 1830ರ ರೈತನಿಗಿದ್ದ ತೊಂದರೆಯ ನೆರಳು ಇಲ್ಲಿಯೂ ಇದೆ: ದೂರು ಹೇಳಲು ಕಚೇರಿಯಿದೆ, ಉತ್ತರಿಸಬೇಕಾದವನಿಲ್ಲ.

ಹಾಗಾದರೆ ನೆಡಬೇಕಾದ ಸಸಿ ಯಾವುದು? ಹೊಸದನ್ನು ಹುಡುಕಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಬಲ ಕೊಟ್ಟಿದೆ. ಹಕ್ಕಿನ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಕಾಡಿನ ನಿವಾಸಿಯನ್ನು ಒಕ್ಕಲೆಬ್ಬಿಸುವಂತಿಲ್ಲ. ಶಾಲೆ, ರಸ್ತೆ, ಕುಡಿಯುವ ನೀರು ಮೊದಲಾದ ಸೌಲಭ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಆದರೆ ಈ ಸಭೆಗೆ ಅರ್ಧದಷ್ಟು ಸದಸ್ಯರ ಹಾಜರಿ ಬೇಕು, ಹಾಜರಾದವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸಭೆ ನಡೆಯದೆ ಪುಸ್ತಕದಲ್ಲಿ ಸಹಿ ಬಿದ್ದರೆ ಈ ಅಧಿಕಾರವೆಲ್ಲ ಕಾಗದದ ಮೇಲೆ ಇದ್ದೂ ಇಲ್ಲದಂತೆ. ಆಗ ಶೂನ್ಯವನ್ನು ಸೃಷ್ಟಿಸಿದವರು ದೂರದ ಬೆಂಗಳೂರಿನವರಲ್ಲ, ಸಭೆಗೆ ಬಾರದ ಊರಿನವರೇ ಆಗುತ್ತಾರೆ.

ವಿದ್ಯಾರ್ಥಿಗಳಿಗೆ ಇಲ್ಲಿ ನಿರ್ದಿಷ್ಟ ಕೆಲಸವಿದೆ. ತಮ್ಮ ಊರಿನ ಕಾನು, ಗೋಮಾಳ, ಕೆರೆಗಳ ಸರ್ವೆ ನಂಬರು, ವಿಸ್ತೀರ್ಣ, ಇಂದಿನ ಸ್ಥಿತಿಯನ್ನು ಹಿರಿಯರ ಜೊತೆ ನಡೆದು ದಾಖಲಿಸಬಹುದು. ಗ್ರಾಮಸಭೆಯ ನಡಾವಳಿಯನ್ನು ಓದಿ ಹೇಳಬಹುದು. ಶಿವಪ್ಪನಾಯಕನ ಕೋಟೆ ಕುಸಿದರೂ ಅವನ ಅಳತೆ ಒಂದೂಮುಕ್ಕಾಲು ಶತಮಾನ ಜನರ ನಾಲಗೆಯ ಮೇಲೆ ಉಳಿಯಿತು. ನೆಲವನ್ನು ನಡೆದು ನೋಡಿ, ಎಲ್ಲರೆದುರು ಓದಿ, ಎಲ್ಲರೂ ಒಪ್ಪಿದ ಅಂಥ ಲೆಕ್ಕವೊಂದು ಪ್ರತಿ ಊರಿನಲ್ಲಿಯೂ ಇದ್ದರೆ, ಮೇಲಿನ ಅಧಿಕಾರ ಯಾವಾಗ ಉರುಳಿದರೂ ಆ ಊರು ಇನ್ನೊಬ್ಬ ವಾರಸುದಾರನನ್ನು ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.