ಕಂಪೆನಿಗಳ ಲೆಕ್ಕಪತ್ರ ನೀತಿ

(ಕಾಸರಗೋಡಿನ ನಮ್ಮ ಶಾಲೆಯ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೂ ಪೋಷಕರಿಗೂ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಲೆಕ್ಕವೆಂದರೆ ಕೂಡಿ ಕಳೆದು ಬರೆಯುವ ಕೆಲಸ, ಎರಡಕ್ಕೆ ಎರಡು ಸೇರಿದರೆ ನಾಲ್ಕೇ ಆಗಬೇಕು, ಆದುದರಿಂದ ಒಂದು ಕಂಪೆನಿಯ ಲಾಭ ಇಷ್ಟೆಂದು ಅಚ್ಚಾದ ಮೇಲೆ ಅದರಲ್ಲಿ ಎರಡು ಮಾತಿಲ್ಲ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಕೂಡುವುದಕ್ಕೂ ಕಳೆಯುವುದಕ್ಕೂ ಮುಂಚೆ, ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವ ವರ್ಷಕ್ಕೆ ಹಿಡಿಯಬೇಕು, ಯಾವ ಬೆಲೆಗೆ ಹಿಡಿಯಬೇಕು ಎಂಬ ನಿರ್ಣಯಗಳು ಆಗಬೇಕು. ಆ ನಿರ್ಣಯಗಳಿಗೆ ಲೆಕ್ಕಪತ್ರ ನೀತಿ ಎಂದು ಹೆಸರು. ಇಂದು ಸಾಮಾನ್ಯ ಕುಟುಂಬಗಳ ಉಳಿತಾಯವೂ ಷೇರು, ಮ್ಯೂಚುವಲ್ ಫಂಡುಗಳ ದಾರಿಯಿಂದ ಕಂಪೆನಿಗಳಿಗೆ ಸೇರುತ್ತಿರುವುದರಿಂದ ಈ ವಿಷಯ ಪರೀಕ್ಷೆಗೆ ಕೂಡುವವರಿಗಷ್ಟೇ ಸಂಬಂಧಿಸಿದುದಲ್ಲ.

ನಮ್ಮ ಊರಿನ ಸರಕಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಲೆಕ್ಕಕ್ಕೆ ಸುಲಭವಾಗಲೆಂದು ದರಗಳನ್ನು ನಾನೇ ಕಲ್ಪಿಸಿಕೊಂಡಿದ್ದೇನೆ. ಅಡಿಕೆಯ ವ್ಯಾಪಾರಿಯೊಬ್ಬನು ಕಿಲೋಗ್ರಾಮಿಗೆ 300 ರೂಪಾಯಿಯಂತೆ 100 ಕಿಲೋ ಕೊಂಡನು. ತರುವಾಯ ಧಾರಣೆ ಏರಿದಾಗ 400 ರೂಪಾಯಿಯಂತೆ ಇನ್ನೂ 100 ಕಿಲೋ ಕೊಂಡನು. ಇದರಲ್ಲಿ 100 ಕಿಲೋವನ್ನು 450ರಂತೆ ಮಾರಿದನು. ಅವನಿಗೆ ಲಾಭವೆಷ್ಟು? ಮೊದಲು ಕೊಂಡುದು ಮೊದಲು ಹೋಯಿತೆಂದು ಎಣಿಸಿದರೆ 15,000 ರೂಪಾಯಿ. ಎರಡು ಖರೀದಿಗಳ ಸರಾಸರಿ ಬೆಲೆಯನ್ನು ಹಿಡಿದರೆ 10,000 ರೂಪಾಯಿ. ಎರಡನ್ನೂ ನಿಯಮ ಒಪ್ಪುತ್ತದೆ; ಯಾವುದೂ ಸುಳ್ಳಲ್ಲ. ಉಳಿದ ಅಡಿಕೆಯೂ ಮುಂದಿನ ವರ್ಷ 450ಕ್ಕೇ ಮಾರಾಟವಾದರೆ ಎರಡು ರೀತಿಯಲ್ಲಿಯೂ ಒಟ್ಟು ಲಾಭ 20,000 ರೂಪಾಯಿಯೇ. ಆದರೆ ಈ ವರ್ಷ ಒಂದು ರೀತಿ, ಮುಂದಿನ ವರ್ಷ ಇನ್ನೊಂದು ರೀತಿ ಎಂದು ಅನುಕೂಲ ನೋಡಿ ಬದಲಾಯಿಸುತ್ತ ಹೋದರೆ ಲೆಕ್ಕ ನೋಡುವವನು ಮೋಸಹೋಗುತ್ತಾನೆ. ಆದುದರಿಂದ ಹಿಡಿದ ರೀತಿಯನ್ನು ಹೇಳಬೇಕು, ಹೇಳಿದ ರೀತಿಯನ್ನು ಬಿಡದೆ ನಡೆಸಬೇಕು ಎಂಬ ಕಟ್ಟಳೆ ಹುಟ್ಟಿತು.

ನಮ್ಮ ದೇಶದಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 1949ರಲ್ಲಿ ಶಾಸನದ ಮೂಲಕ ಸ್ಥಾಪಿತವಾಯಿತು. ಅದು 1977ರಲ್ಲಿ ಲೆಕ್ಕಪತ್ರ ಮಾನಕಗಳ ಮಂಡಳಿಯನ್ನು ರಚಿಸಿತು. 1979ರಲ್ಲಿ ಹೊರಬಂದ ಮೊದಲನೆಯ ಮಾನಕವು ಲೆಕ್ಕಪತ್ರ ನೀತಿಯನ್ನು ಬಹಿರಂಗಪಡಿಸಬೇಕೆಂಬುದನ್ನೇ ಕುರಿತದ್ದು. ಮುಂದೆ ಹೊರದೇಶಗಳ ಬಂಡವಾಳ ಹರಿದುಬರತೊಡಗಿ, ದೇಶಕ್ಕೊಂದು ಲೆಕ್ಕದ ಭಾಷೆ ಇದ್ದರೆ ಹೋಲಿಸುವುದು ಕಷ್ಟವಾಯಿತು. ಅಂತರರಾಷ್ಟ್ರೀಯ ಮಾನಕಗಳಿಗೆ ಹೊಂದುವಂತೆ ‘ಇಂಡ್ ಎ.ಎಸ್.’ ಎಂಬ ಹೊಸ ಮಾನಕಗಳನ್ನು ಸರ್ಕಾರ 2015ರಲ್ಲಿ ಪ್ರಕಟಿಸಿತು. 500 ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ನಿವ್ವಳ ಸಂಪತ್ತುಳ್ಳ ಕಂಪೆನಿಗಳಿಗೆ ಅವು 2016ರ ಏಪ್ರಿಲ್ 1ರಿಂದ ಕಡ್ಡಾಯವಾದವು.

ಇವುಗಳಲ್ಲಿ ಒಂದನ್ನು ಮಾತ್ರ ಕೊಂಚ ವಿಸ್ತಾರವಾಗಿ ಹೇಳುತ್ತೇನೆ. ಅದು ಗೇಣಿ ಗುತ್ತಿಗೆಗಳ ವಿಷಯವಾದ 116ನೆಯ ಮಾನಕ. ಒಂದು ವಿಮಾನ ಕಂಪೆನಿ ಸಾಲ ತೆಗೆದು ವಿಮಾನವನ್ನು ಕೊಂಡರೆ ಆ ಸಾಲ ಅಢಾವೆ ಪತ್ರಿಕೆಯಲ್ಲಿ ಕಾಣುತ್ತಿತ್ತು. ಅಂಥದೇ ವಿಮಾನವನ್ನು ಇನ್ನೊಂದು ಕಂಪೆನಿ ಹಲವು ವರ್ಷಗಳ ಬಾಡಿಗೆಗೆ ಹಿಡಿದರೆ, ಹೆಚ್ಚಿನ ಒಪ್ಪಂದಗಳಲ್ಲಿ ಆಯಾ ವರ್ಷದ ಬಾಡಿಗೆ ಮಾತ್ರ ಖರ್ಚೆಂದು ಕಾಣುತ್ತಿತ್ತು. ಮುಂದೆ ಕೊಡಲೇಬೇಕಾದ ಮೊತ್ತ ಪತ್ರಿಕೆಯ ಹೊರಗೆ ಉಳಿಯುತ್ತಿತ್ತು. ಅಂತರರಾಷ್ಟ್ರೀಯ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಡೇವಿಡ್ ಟ್ವೀಡಿ ಅವರು, ವಿಮಾನ ಕಂಪೆನಿಯ ಅಢಾವೆ ಪತ್ರಿಕೆಯಲ್ಲಿ ನಿಜವಾಗಿ ಇರುವ ವಿಮಾನದಲ್ಲಿ ಸಾಯುವ ಮುಂಚೆ ಒಮ್ಮೆ ಹಾರಬೇಕೆಂಬುದು ತಮ್ಮ ಆಸೆಯೆಂದು ವಿನೋದವಾಗಿ ಹೇಳಿದ್ದುಂಟು. ಕಂಪೆನಿಗಳ ಇಂಥ ಹೊಣೆ ಜಗತ್ತಿನಲ್ಲಿ ಸುಮಾರು 3.3 ಲಕ್ಷ ಕೋಟಿ ಡಾಲರೆಂದೂ ಅದರಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಅಢಾವೆ ಪತ್ರಿಕೆಗಳಲ್ಲಿ ಇಲ್ಲವೆಂದೂ ಆ ಮಂಡಳಿ 2016ರಲ್ಲಿ ಅಂದಾಜು ಮಾಡಿತು.

ನಮ್ಮ ಹಿರಿಯರಿಗೆ ಮೂಲಗೇಣಿ ಗೊತ್ತು. ಗೇಣಿ ಪದ್ಧತಿ ಕೇರಳದಲ್ಲಿ 1970ರಲ್ಲಿ ಭೂಸುಧಾರಣೆಯಿಂದ ಅಳಿಯಿತಾದರೂ ಮಾತು ಮರೆತಿಲ್ಲ. ಮೂಲಗೇಣಿದಾರನು ಭೂಮಿಯ ಒಡೆಯನಲ್ಲ. ಆದರೂ ಅದನ್ನು ಅನುಭವಿಸುವ ಹಕ್ಕು ಅವನ ಸಂಪತ್ತೇ ಆಗಿತ್ತು. ವರ್ಷ ವರ್ಷ ಅಳೆಯಬೇಕಾದ ಗೇಣಿ ಅವನ ಹೊಣೆಯಾಗಿತ್ತು. ಹೊಸ ಮಾನಕ ಹೇಳುವುದೂ ಇದನ್ನೇ. ಅನುಭೋಗದ ಹಕ್ಕನ್ನು ಆಸ್ತಿಯ ಕಡೆಯಲ್ಲಿಯೂ, ಕೊಡಬೇಕಾದ ಬಾಡಿಗೆಯ ಇಂದಿನ ಮೌಲ್ಯವನ್ನು ಹೊಣೆಯ ಕಡೆಯಲ್ಲಿಯೂ ಬರೆಯಬೇಕು. ಹನ್ನೆರಡು ತಿಂಗಳಿಗೆ ಮೀರದ ಗುತ್ತಿಗೆಗೂ ಅಲ್ಪ ಬೆಲೆಯ ವಸ್ತುಗಳಿಗೂ ಮಾತ್ರ ವಿನಾಯಿತಿ ಉಂಟು. ಇದು ನಮ್ಮ ದೇಶದಲ್ಲಿ 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಬರೆದುಕೊಳ್ಳಿರಿ. ವರ್ಷದ ಕೊನೆಯಲ್ಲಿ 1,00,000 ರೂಪಾಯಿಯಂತೆ ಐದು ವರ್ಷ ಬಾಡಿಗೆ. ಬಡ್ಡಿಯ ದರ ಶೇಕಡಾ 10. ಇಂದಿನ ಮೌಲ್ಯ 3,79,079 ರೂಪಾಯಿ. ಹಳೆಯ ರೀತಿಯಲ್ಲಿ ಪ್ರತಿ ವರ್ಷದ ಖರ್ಚು 1,00,000. ಹೊಸ ರೀತಿಯಲ್ಲಿ ಮೊದಲ ವರ್ಷ ಬಡ್ಡಿ 37,908, ಸವಕಳಿ 75,816, ಒಟ್ಟು 1,13,724 ರೂಪಾಯಿ. ಕೊನೆಯ ವರ್ಷ ಬಡ್ಡಿ 9,091 ಮಾತ್ರವಾಗಿ ಒಟ್ಟು 84,907. ಐದು ವರ್ಷಗಳನ್ನು ಕೂಡಿದರೆ ಎರಡರಲ್ಲಿಯೂ 5,00,000 ರೂಪಾಯಿಯೇ. ಕೈಬಿಟ್ಟ ಹಣ ಒಂದು ಕಾಸೂ ಹೆಚ್ಚು ಕಡಿಮೆಯಾಗಲಿಲ್ಲ. ಮೊದಲು ಮರೆಯಲ್ಲಿದ್ದ ಹೊಣೆ ಈಗ ಬೆಳಕಿಗೆ ಬಂದಿತು, ಅಷ್ಟೆ.

ಇದರಿಂದ ನಾವು ತಿಳಿಯತಕ್ಕದ್ದೇನು? ಹೊಸ ಮಾನಕವನ್ನು ಅಳವಡಿಸಿದ ವರ್ಷ ಕಂಪೆನಿಯ ಸಾಲ ಒಮ್ಮೆಗೇ ಏರಿದಂತೆ ಕಂಡರೆ ಅದು ಹಾಳಾಯಿತೆಂದು ಗಾಬರಿಗೊಳ್ಳಬಾರದು. ಬಾಡಿಗೆಯು ಬಡ್ಡಿ ಸವಕಳಿಗಳಾಗಿ ಒಡೆದುದರಿಂದ ಅವೆರಡನ್ನು ಕಳೆಯುವುದಕ್ಕೆ ಮುಂಚಿನ ಲಾಭ ಉಬ್ಬಿದಂತೆ ಕಂಡರೆ ಹಿಗ್ಗಲೂ ಬಾರದು. ಹಿಂದಿನ ವರ್ಷದ ಅಂಕಿಗಳನ್ನು ಹೊಸ ರೀತಿಗೆ ತಿದ್ದಿ ಬರೆಯುವುದಕ್ಕೂ ತಿದ್ದದೆ ಬಿಡುವುದಕ್ಕೂ ಈ ಮಾನಕದಲ್ಲಿ ಅವಕಾಶವಿತ್ತು. ತಿದ್ದದೆ ಬಿಟ್ಟ ಕಡೆ ಪಕ್ಕ ಪಕ್ಕದಲ್ಲಿ ಅಚ್ಚಾದ ಎರಡು ವರ್ಷಗಳ ಅಂಕಿಗಳು ಒಂದೇ ಅಳತೆಯವಲ್ಲ. ಈ ಸಂಗತಿ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಓದದವನಿಗೆ ಅದು ಇಲ್ಲದಂತೆಯೇ.

ಮಾನಕವಿದ್ದ ಮಾತ್ರಕ್ಕೆ ಮೋಸ ನಿಂತಿತೆಂದೂ ಭಾವಿಸಬಾರದು. ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷರು 2009ರ ಜನವರಿ 7ರಂದು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕು ಶಿಲ್ಕು ನಿಜವಾಗಿ ಇಲ್ಲವೆಂದು ಒಪ್ಪಿಕೊಂಡರು. ಮಾನಕಗಳು ಆಗಲೂ ಇದ್ದವು. ಇರುವುದನ್ನು ಹೇಗೆ ಬರೆಯಬೇಕೆಂದು ಮಾನಕ ಕಲಿಸಬಲ್ಲದು. ಇಲ್ಲದ್ದನ್ನು ಬರೆಯುವ ಕೈಯನ್ನು ತಡೆಯಲು ಬರೆಯುವವನ ಪ್ರಾಮಾಣಿಕತೆಯೂ ಪರಿಶೋಧಕನ ಎಚ್ಚರವೂ ಬೇಕು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಬೆವರು ಸುರಿಸಿ ಗಳಿಸಿದ ಹಣವನ್ನು ಒಂದು ಕಂಪೆನಿಯಲ್ಲಿ ತೊಡಗಿಸುವ ಮುಂಚೆ, ಅದರ ವಾರ್ಷಿಕ ವರದಿಯನ್ನು ತರಿಸಿ, ಲಾಭದ ಅಂಕಿಗಿಂತ ಮೊದಲು ಲೆಕ್ಕಪತ್ರ ನೀತಿಯ ಪುಟವನ್ನು ಓದಿರಿ. ತಿಳಿಯದಿದ್ದರೆ ವಾಣಿಜ್ಯ ಓದುತ್ತಿರುವ ನಿಮ್ಮ ಮಕ್ಕಳಿಂದ ಓದಿಸಿ ಕೇಳಿರಿ. ಮಕ್ಕಳೆ, ನಾಳೆ ನಿಮ್ಮಲ್ಲಿ ಕೆಲವರು ಗುಮಾಸ್ತರೂ ಪರಿಶೋಧಕರೂ ಆಗುವಿರಿ. ಅಲ್ಲಿ ಲೆಕ್ಕದ ರೀತಿಯನ್ನು ಬದಲಿಸುವ ಪ್ರಸಂಗ ಬಂದಾಗ ಬದಲಿಸಿದ್ದೇವೆಂದೂ, ಏತಕ್ಕೆಂದೂ, ಅದರಿಂದ ಎಷ್ಟು ವ್ಯತ್ಯಾಸವಾಯಿತೆಂದೂ ಬರೆದೇ ಸಹಿ ಹಾಕಿರಿ.